ರಜೆಯ ಉಡುಗೊರೆಗೆ ಪುಸ್ತಕ: ಸರಣಿಯೋ, ಬಿಡಿ ಕೃತಿಯೋ?

ಹತ್ತರಿಂದ ಹನ್ನೆರಡರ ಮಕ್ಕಳಿಗಾದರೆ ನಾನು ಕಣ್ಣುಮುಚ್ಚಿ ಸರಣಿಯನ್ನೇ ಆರಿಸುತ್ತೇನೆ. ಪಾತ್ರಗಳು ಒಮ್ಮೆ ಹತ್ತಿರವಾದರೆ ಮುಂದಿನ ಭಾಗವನ್ನು ಅವರೇ ಹುಡುಕಿಕೊಂಡು ಹೋಗುತ್ತಾರೆ, ರಜೆಯುದ್ದಕ್ಕೂ ಓದು ನಿಲ್ಲುವುದಿಲ್ಲ. ಹ್ಯಾರಿ ಪಾಟರ್ ಸರಣಿಯನ್ನೇ ನೋಡಿ: 1997ರಿಂದ 2007ರವರೆಗೆ ಬಂದ ಏಳು ಕಾದಂಬರಿಗಳಲ್ಲಿ ನಾಯಕನೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾನೆ, ಕೊನೆಯ ಭಾಗಗಳಲ್ಲಿ ಸಾವುನೋವು ಹೆಚ್ಚು. ಹಾಗಾಗಿ ಹತ್ತರ ಮಗುವಿಗೆ ಏಳನ್ನೂ ಒಟ್ಟಿಗೆ ಕೊಡುವುದು ಬೇಡ, ಮೊದಲೆರಡು ಸಾಕು. ಯಾವ ಭಾಗದವರೆಗೆ ಓದಿದ್ದಾರೆ ಎಂದು ಹೆತ್ತವರನ್ನು ಮೊದಲೇ ವಿಚಾರಿಸಿ. ನಡುವಿನದೊಂದನ್ನು ಕೊಟ್ಟರೆ ಅದು ಕಪಾಟಿನಲ್ಲೇ ಉಳಿದುಬಿಡುತ್ತದೆ.

ಹದಿಮೂರು ದಾಟಿದವರಿಗೆ ಒಂದೇ ಸಂಪುಟದಲ್ಲಿ ಮುಗಿಯುವ ಪುಸ್ತಕ ಮೇಲು. ಅವರ ರುಚಿ ಬೇಗ ಬದಲಾಗುತ್ತದೆ, ಪಾಠ ಪರೀಕ್ಷೆಗಳ ನಡುವೆ ಬಿಡುವೂ ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳಿಂದ ಅಡಗಿ ಬದುಕಿದ ಯಹೂದಿ ಹುಡುಗಿ ಆನ್ ಫ್ರಾಂಕ್‌ಳ ದಿನಚರಿ ಇಲ್ಲಿ ನನ್ನ ಮೊದಲ ಆಯ್ಕೆ. ಅವಳಿಗೆ ಆ ಖಾಲಿ ಪುಸ್ತಕ ಸಿಕ್ಕಿದ್ದೂ 1942ರಲ್ಲಿ, ಹದಿಮೂರನೆಯ ಹುಟ್ಟುಹಬ್ಬದ ಉಡುಗೊರೆಯಾಗಿ. ತಾಯಿಯ ಮೇಲಿನ ಮುನಿಸನ್ನೂ ಒಂಟಿತನವನ್ನೂ ಅವಳು ಮುಚ್ಚಿಡದೆ ಬರೆದಿದ್ದಾಳೆ. ಆ ವಯಸ್ಸಿನವರಿಗೆ ಬೇಕಾದದ್ದು ಅಂಥ ಮಾತು.

ಓದಲು ಹಿಂಜರಿಯುವವರಿಗೆ, ವಯಸ್ಸು ಎಷ್ಟೇ ಇರಲಿ, ಚಿತ್ರಕಾದಂಬರಿ ಕೊಡಿ. ಅದೂ ಓದೇ. ಬದಲಾಯಿಸಿಕೊಳ್ಳಲು ಅನುಕೂಲವಾಗುವಂತೆ ರಸೀದಿಯನ್ನು ಒಳಗೇ ಇಡಿ.