ಎರಡು ಇಂಜಿನ್, ಒಂದು ರಾಗಿ ಮಿಲ್ಲು

ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಹಿಟ್ಟಿನ ಮಿಲ್ಲಿನ ಕಲ್ಲು ಇಪ್ಪತ್ತು ವರ್ಷ ಸುಮ್ಮನೆ ಕೂತಿತ್ತು. ಸುತ್ತಲ ಊರುಗಳಿಗೆ ಕರೆಂಟ್ ಮೋಟರಿನ ಮಿಲ್ಲುಗಳು ಬಂದ ಮೇಲೆ ಅಪ್ಪ ಇಂಜಿನ್ನು ಮಾರಿದರು, ಕಲ್ಲನ್ನು ಮಾತ್ರ ಮಾರಲಿಲ್ಲ. ಅದಕ್ಕೆ ಮತ್ತೆ ಇಂಜಿನ್ ಕಟ್ಟಿ ರಾಗಿ ಬೀಸಬೇಕೆಂಬ ಆಸೆಯಿಂದ ನಾನು ಮದ್ದೂರು, ಮಂಡ್ಯದ ಗುಜರಿ ಅಂಗಡಿಗಳನ್ನು ಸುತ್ತಲು ಶುರುಮಾಡಿದೆ. ನಾಲ್ಕು ವರ್ಷದಲ್ಲಿ ಎರಡು ಡೀಸೆಲ್ ಇಂಜಿನ್ ಮನೆಗೆ ಬಂದವು: ಒಂದು ಲಿಸ್ಟರ್ ಮಾದರಿಯದು, ಒಂದು ಪೆಟ್ಟರ್ ಮಾದರಿಯದು. ಎರಡನ್ನೂ ಬಿಚ್ಚಿ ಜೋಡಿಸಿ, ಅದೇ ಕಲ್ಲಿಗೆ ಒಂದಾದ ಮೇಲೊಂದು ಕಟ್ಟಿ ಓಡಿಸಿ ನೋಡಿದೆ. ಹಳೇ ಇಂಜಿನ್ ಹಿಡಿಯಬೇಕು, ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನನ್ನ ಕೈಗೆ ಸಿಕ್ಕ ಉತ್ತರವನ್ನು ಬರೆಯುತ್ತಿದ್ದೇನೆ.

ಮೊದಲು ಲಿಸ್ಟರ್. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಆರ್.ಎ. ಲಿಸ್ಟರ್ ಕಂಪನಿ 1930ರ ಹೊತ್ತಿಗೆ ಹೊರತಂದ ಸಿ.ಎಸ್. ಇಂಜಿನ್ ಇದರ ಮೂಲ. ಸಿ.ಎಸ್. ಅಂದರೆ ಕೋಲ್ಡ್ ಸ್ಟಾರ್ಟ್. ಅದಕ್ಕೂ ಮುಂಚಿನ ಎಷ್ಟೋ ಎಣ್ಣೆ ಇಂಜಿನ್‌ಗಳ ತಲೆಯನ್ನು ಬ್ಲೋ ಲ್ಯಾಂಪಿನಿಂದ ಕಾಯಿಸಿದರೇನೇ ಅವು ಎದ್ದೇಳುತ್ತಿದ್ದವು. ಇದು ಹಾಗಲ್ಲ, ಹ್ಯಾಂಡಲ್ ಹಾಕಿ ತಿರುಗಿಸಿದರೆ ಸಾಕು. ಆರು ಕುದುರೆ ಶಕ್ತಿ, ನಿಮಿಷಕ್ಕೆ ಬರೀ 650 ಸುತ್ತು. ಬೋರು, ಅಂದರೆ ಸಿಲಿಂಡರಿನ ಅಗಲ, ನಾಲ್ಕೂವರೆ ಇಂಚು; ಸ್ಟ್ರೋಕು, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಐದೂವರೆ ಇಂಚು. ಎರಡು ಪಕ್ಕಕ್ಕೂ ಒಂದೊಂದು ದೊಡ್ಡ ಚಕ್ರ. ಗುಜರಾತಿನ ರಾಜ್‌ಕೋಟ್‌ನ ಫೌಂಡ್ರಿಗಳು ಇದೇ ವಿನ್ಯಾಸವನ್ನು ಅಚ್ಚು ಹಾಕಿ ದಶಕಗಳ ಕಾಲ ಮಾಡಿದವು. ನಮ್ಮ ಕಡೆ ಹಳ್ಳಿಹಳ್ಳಿಯ ಮಿಲ್ಲಿನಲ್ಲಿ ಪುಕ್‌ಪುಕ್ ಎನ್ನುತ್ತಿದ್ದದ್ದು ಈ ಜಾತಿಯೇ. ನನ್ನದರ ಹೆಸರಿನ ಫಲಕ ಕಿತ್ತುಹೋಗಿದೆ, ಯಾರು ಮಾಡಿದ್ದೋ ತಿಳಿಯುವ ದಾರಿಯಿಲ್ಲ.

ಪೆಟ್ಟರ್ ಕೂಡ ಇಂಗ್ಲೆಂಡಿನ ಹೆಸರೇ, ಯೋವಿಲ್ ಊರಲ್ಲಿ ಹುಟ್ಟಿದ ಕಂಪನಿ. ನನ್ನ ಇಂಜಿನ್ನಿನ ಅಳತೆ 80 ಮಿ.ಮೀ. ಬೋರು, 110 ಮಿ.ಮೀ. ಸ್ಟ್ರೋಕು, ಐದು ಕುದುರೆ ಶಕ್ತಿ, 1500 ಸುತ್ತು. ಎಂಜಿನಿಯರಿಂಗ್ ಓದಿದವರಿಗೆ ಈ ಅಂಕಿ ಚೆನ್ನಾಗಿ ಗೊತ್ತು. ಕಾಲೇಜಿನ ಲ್ಯಾಬಿನಲ್ಲಿ ಶಕ್ತಿ ಅಳೆಯುವ ಡೈನಮೋಮೀಟರಿಗೆ ಕಟ್ಟಿರುತ್ತಿದ್ದ ಕಿರ್ಲೋಸ್ಕರ್ ಎ.ವಿ.1 ಇಂಜಿನ್ನಿನದೂ ಇದೇ ಅಳತೆ. ಆ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿ ಮೇಲೆ ಬಂದವರು. 1946ರಲ್ಲಿ ಪುಣೆಯಲ್ಲಿ ಶುರುವಾದ ಆಯಿಲ್ ಇಂಜಿನ್ ಕಾರ್ಖಾನೆ ಆ ಮನೆತನದ್ದೇ.

ಕಾಗದದ ಮೇಲೆ ಎರಡಕ್ಕೂ ಒಂದೇ ಕುದುರೆಯ ವ್ಯತ್ಯಾಸ. ಮನೆಗೆ ತರುವಾಗಲೇ ನಿಜವಾದ ವ್ಯತ್ಯಾಸ ತಿಳಿಯಿತು. ಪೆಟ್ಟರನ್ನು ನಾಲ್ಕು ಜನ ಹಗ್ಗ ಕಟ್ಟಿ ಎತ್ತಿ ಟೆಂಪೋಗೆ ಹಾಕಿದೆವು. ಲಿಸ್ಟರ್ ಮೂರು ಕ್ವಿಂಟಲಿಗೂ ಮೇಲೆ. ಮುಕ್ಕಾಲಿ ನಿಲ್ಲಿಸಿ, ಚೈನ್ ಪುಲ್ಲಿ ಹಾಕಿ, ಕೆಳಗೆ ಪೈಪು ಉರುಳಿಸಿಕೊಂಡು ಕೊಟ್ಟಿಗೆ ಸೇರಿಸುವ ಹೊತ್ತಿಗೆ ಸಂಜೆಯಾಗಿತ್ತು. ಜಾಗ ಗಟ್ಟಿಯಿಲ್ಲದವರು, ಜನ ಇಲ್ಲದವರು ಇದನ್ನು ಮೊದಲು ಯೋಚಿಸಬೇಕು.

ಲಿಸ್ಟರಿನ ಪಿಸ್ಟನ್ ಬೋರಿಗೆ ಕಚ್ಚಿಕೊಂಡಿತ್ತು. ಎಷ್ಟೋ ಮಳೆಗಾಲದ ನೀರು ಹೊಗೆ ಪೈಪಿನಿಂದ ಒಳಗಿಳಿದಿತ್ತು. ಚಕ್ರಕ್ಕೆ ಹಾರೆ ಕೊಟ್ಟು ಮೀಟಲು ಹೊರಟ ನನ್ನನ್ನು ತಡೆದವರು ಊರಿನ ಹಳೇ ಮೇಸ್ತ್ರಿ. "ಸುತ್ಗೆ ಹೊಡೀಬ್ಯಾಡ ಕಣಪ್ಪ, ಎಣ್ಣೆ ಕುಡೀಲಿ ಬುಡು" ಅಂದರು. ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡು ತೆಗೆದು, ಡೀಸೆಲ್ಲಿಗೆ ಗಿಯರ್ ಎಣ್ಣೆ ಬೆರೆಸಿ ಪಿಸ್ಟನ್ ಮೇಲೆ ಸುರಿದೆ. ಹನ್ನೊಂದು ದಿನ, ದಿನಕ್ಕೆರಡು ಸಲ ಹೋಗಿ ಪಿಸ್ಟನ್ ಮೇಲೆ ಮರದ ದಿಮ್ಮಿ ಇಟ್ಟು ಮೆಲ್ಲಗೆ ನಾಲ್ಕು ಏಟು. ಹನ್ನೆರಡನೇ ದಿನ ಕೂದಲೆಳೆಯಷ್ಟು ಕೆಳಗಿಳಿಯಿತು. ಆಮೇಲೆ ಇಂಜಿನ್ನಿನ ಕೆಳಪೆಟ್ಟಿಗೆಯ, ಅಂದರೆ ಕ್ರ್ಯಾಂಕ್‌ಕೇಸಿನ ಪಕ್ಕದ ಬಾಗಿಲು ಬಿಚ್ಚಿ, ಕೈ ಒಳಗೆ ಹಾಕಿ ಪಿಸ್ಟನ್ ಸರಳಿನ ಕೆಳತುದಿಯ, ಅಂದರೆ ಬಿಗ್ ಎಂಡಿನ ಬೋಲ್ಟು ತೆಗೆದು, ಪಿಸ್ಟನ್ನನ್ನು ಮೇಲಕ್ಕೆ ಎಳೆದೆವು. ಲಿಸ್ಟರಿನ ದೊಡ್ಡ ಗುಣ ಇದೇ. ಒಳಗೆ ಕೈಯಾಡಲು ಜಾಗವಿದೆ, ಒಂದೊಂದು ಭಾಗವೂ ಕಣ್ಣಿಗೆ ಕಾಣುತ್ತದೆ. ಮೊದಲ ಸಲ ಇಂಜಿನ್ ಬಿಚ್ಚುವವನಿಗೆ ಇದರಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ.

ಅದರಲ್ಲಿ ಕಷ್ಟದ ಕೆಲಸ ಚಕ್ರ ಬಿಚ್ಚುವುದು. ಚಕ್ರವನ್ನು ಶಾಫ್ಟಿಗೆ ಬಿಗಿದಿರುವುದು ಬೆಣೆಯಂತೆ ಓರೆಯಾಗಿರುವ, ತಲೆಯುಳ್ಳ ಕೀ. ಬಡಿದರೆ ಆ ತಲೆ ಮುರಿಯುತ್ತದೆ, ಮುರಿದರೆ ಕೊರೆದು ತೆಗೆಯಬೇಕು. ತಲೆಗೂ ಚಕ್ರದ ಗುಂಭಕ್ಕೂ ನಡುವೆ ಎರಡು ಪಕ್ಕದಿಂದ ಸಮನಾಗಿ ಉಕ್ಕಿನ ಬೆಣೆ ಹೊಡೆಯುತ್ತ, ನಡುನಡುವೆ ಎಣ್ಣೆ ಬಿಡುತ್ತ ಎರಡು ದಿನ ಕಳೆದೆವು. ಒಂದು ಚಕ್ರ ಈ ಇಂಜಿನ್ನಿನದ್ದೇ ಅಲ್ಲ, ಯಾರೋ ಬೇರೆ ಕಡೆಯಿಂದ ತಂದು ಹಾಕಿದ್ದು ಎಂಬುದು ಆಮೇಲೆ ತಿಳಿಯಿತು. ತೂಕದ ಹೊಂದಾಣಿಕೆ ತಪ್ಪಿ ಮೊದಲ ದಿನ ಇಂಜಿನ್ನು ಮರದ ಅಡಿಪಾಯದ ಮೇಲೆ ಕುಣಿಯಿತು. ಚಕ್ರದ ಅಂಚಿಗೆ ಬೋಲ್ಟು ಹಾಕಿ ಉಕ್ಕಿನ ತುಂಡು ಕಟ್ಟಿ, ತೂಕ ಹೆಚ್ಚು ಕಡಿಮೆ ಮಾಡುತ್ತ ಸರಿಪಡಿಸಲು ಒಂದು ತಿಂಗಳೇ ಹಿಡಿಯಿತು. ಕೊನೆಗೆ ಕಾಂಕ್ರೀಟ್ ಹಾಸಿ ನಾಲ್ಕು ಬೋಲ್ಟಿನಿಂದ ಬಿಗಿದ ಮೇಲೆ ಈಗ ಹೆಡ್ಡಿನ ಮೇಲೆ ರೂಪಾಯಿ ನಾಣ್ಯ ನಿಲ್ಲಿಸಿದರೆ ಬೀಳುವುದಿಲ್ಲ.

ತುಕ್ಕಿನ ವಿಷಯದಲ್ಲೂ ಎರಡು ದಾರಿ ನೋಡಿದೆ. ಒಂದು ವಾಷಿಂಗ್ ಸೋಡಾ ನೀರಿನ ತೊಟ್ಟಿಗೆ ಬ್ಯಾಟರಿ ಚಾರ್ಜರ್ ಹಚ್ಚುವುದು: ತುಕ್ಕು ಹಿಡಿದ ಭಾಗಕ್ಕೆ ನೆಗೆಟಿವ್, ಎದುರಿಗೆ ಇಳಿಬಿಟ್ಟ ಗುಜರಿ ಕಬ್ಬಿಣಕ್ಕೆ ಪಾಸಿಟಿವ್. ಬಯಲಲ್ಲೇ ಮಾಡಬೇಕು, ಏಕೆಂದರೆ ಹೈಡ್ರೋಜನ್ ಅನಿಲ ಏಳುತ್ತದೆ. ಎದುರಿಗೆ ಸ್ಟೀಲು ಪಾತ್ರೆಯ ತುಂಡನ್ನು ಎಂದಿಗೂ ಹಾಕಬಾರದು, ಅದರ ಕ್ರೋಮಿಯಂ ನೀರಿಗೆ ಬಿಟ್ಟು ವಿಷವಾಗುತ್ತದೆ. ಇನ್ನೊಂದು ದಾರಿ ನಮ್ಮ ಕಬ್ಬಿನ ಸೀಮೆಗೆ ಹೇಳಿ ಮಾಡಿಸಿದ್ದು: ಕಾಕಂಬಿ. ದನದ ಮೇವಿಗೆ ಬೆರೆಸಲು ತರುವ ಕಾಕಂಬಿಯನ್ನು ಒಂದಕ್ಕೆ ಒಂಬತ್ತು ಪಾಲು ನೀರಲ್ಲಿ ಕಲಸಿ ಭಾಗಗಳನ್ನು ಮುಳುಗಿಸಿಟ್ಟರೆ ಎರಡು ವಾರದಲ್ಲಿ ತುಕ್ಕು ಮೆತ್ತಗಾಗಿ ನೀರಿನ ಪೈಪಿನ ರಭಸಕ್ಕೇ ಕಿತ್ತುಬರುತ್ತದೆ. ಹುಳಿ ವಾಸನೆ ಸಹಿಸಬೇಕು, ಇರುವೆ ಕಾಯಬೇಕು. ಚಾರ್ಜರ್ ಒಂದು ರಾತ್ರಿಯಲ್ಲಿ ಮಾಡುವುದಕ್ಕೆ ಇದು ಹದಿನಾಲ್ಕು ದಿನ ಹಿಡಿಯುತ್ತದೆ ನಿಜ. ಆದರೆ ಚಾರ್ಜರ್ ಎದುರಿಗಿರುವ ಮುಖವನ್ನಷ್ಟೇ ಚೆನ್ನಾಗಿ ಬಿಡಿಸುತ್ತದೆ, ಕಾಕಂಬಿ ನೀರು ಹೋದ ಕಡೆಯೆಲ್ಲ ಹೋಗುತ್ತದೆ. ಸಂದುಗೊಂದಿರುವ ಭಾಗಕ್ಕೆ ನನ್ನ ಆಯ್ಕೆ ಕಾಕಂಬಿಯೇ. ಅಲ್ಯೂಮಿನಿಯಂ ಭಾಗವನ್ನು ಮಾತ್ರ ಎರಡರಲ್ಲೂ ಹಾಕಬೇಡಿ, ತಿಂದುಹಾಕುತ್ತದೆ.

ಪೆಟ್ಟರಿನ ರಿಪೇರಿ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದು ಅದರ ಹೆಚ್ಚುಗಾರಿಕೆ. ಲೈನರ್, ಪಿಸ್ಟನ್, ರಿಂಗು ಸೇರಿದ ಕಿಟ್ಟು ಪೇಟೆಯಲ್ಲಿ ಸಿಕ್ಕಿತು, ಬೇರಿಂಗೂ ಸಿಕ್ಕಿತು. ಮೂರು ಭಾನುವಾರದಲ್ಲಿ ಇಂಜಿನ್ ಎದ್ದಿತು. ಆದರೆ ಇದರಲ್ಲಿ ಬೇರಿಂಗಿಗೆ ಎಣ್ಣೆ ಹೋಗುವುದು ಪಂಪಿನ ಒತ್ತಡದಿಂದ, ಸಣ್ಣ ತೂತುಗಳ ಮೂಲಕ. ಒಂದು ತೂತಿನಲ್ಲಿ ಗಸಿ ಕಟ್ಟಿಕೊಂಡಿದ್ದರೂ 1500 ಸುತ್ತಿನಲ್ಲಿ ಬೇರಿಂಗ್ ಸುಡಲು ಬಹಳ ಹೊತ್ತು ಬೇಡ. ಲಿಸ್ಟರಿನಲ್ಲಿ ಬಿಗ್ ಎಂಡಿನ ತುದಿಯ ಸೌಟು ಎಣ್ಣೆಯನ್ನು ಎರಚುತ್ತದೆ, ಅಷ್ಟೆ. ಪಿಸ್ಟನ್ನಿನ ಓಟ ಲೆಕ್ಕ ಹಾಕಿದರೆ ಲಿಸ್ಟರಿನದು ಸೆಕೆಂಡಿಗೆ ಮೂರು ಮೀಟರ್, ಪೆಟ್ಟರಿನದು ಐದೂವರೆ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಗುಣ ನಿಧಾನದ ಇಂಜಿನ್ನಿಗೆ ಬರುವುದು ಇಲ್ಲಿಂದ.

ಎರಡರ ಡೀಸೆಲ್ ಪಂಪು, ಡೀಸೆಲ್ ಸಿಂಪಡಿಸುವ ನಾಜಲ್ ಎರಡೂ ಮೈಕೋದವು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ ಅದು; ನಾಡಿನ ಹಳೇ ಡೀಸೆಲ್ ಇಂಜಿನ್ ಬಿಚ್ಚಿದರೆ ಹೆಚ್ಚಾಗಿ ಆ ಹೆಸರೇ ಎದುರಾಗುತ್ತದೆ. ನಾಜಲನ್ನು ಹೊರಗೆ ಕಟ್ಟಿ ಸಿಂಪಡಿಕೆ ನೋಡುವಾಗ ಬೆರಳು ಅಡ್ಡ ಹಿಡಿಯಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಗಾಯ ಸಣ್ಣದಾಗಿ ಕಂಡರೂ ಆಸ್ಪತ್ರೆಗೆ ಓಡಬೇಕಾದ ಗಾಯ ಅದು. ಮೊದಲ ಸಲ ಇಂಜಿನ್ ಎಬ್ಬಿಸುವ ಮುಂಚೆ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಪಂಪಿನ ಕಡ್ಡಿ ಸಲೀಸಾಗಿ ಜಾರುತ್ತದೆಯೇ ನೋಡಿ, ಗಾಳಿ ಒಳಹೋಗುವ ಬಾಯಿಗೆ ಅಡ್ಡ ಹಿಡಿಯಲು ಒಂದು ಹಲಗೆ ಪಕ್ಕದಲ್ಲಿಟ್ಟುಕೊಳ್ಳಿ. ಕಡ್ಡಿ ಕಚ್ಚಿಕೊಂಡು ಇಂಜಿನ್ ಹಿಡಿತ ತಪ್ಪಿ ಹುಚ್ಚೆದ್ದು ಓಡಿದರೆ ಆ ಹಲಗೆಯೇ ಕಾಪಾಡುವುದು.

ಇನ್ನು ಬೀಸುವ ಪರೀಕ್ಷೆ. ಒಂದೇ ಚೀಲದ ರಾಗಿ, ಹತ್ತು ಹತ್ತು ಕೆಜಿ, ಒಂದೊಂದು ಇಂಜಿನ್ನಿಗೆ ಮೂರು ಸಲ. ಡೀಸೆಲ್ಲನ್ನು ಗುರುತು ಹಾಕಿದ ಬಾಟಲಿಯಿಂದ ಕೊಟ್ಟೆ. ನಮ್ಮ ಕಲ್ಲಿಗೆ ಬೇಕಾದದ್ದು ಸುಮಾರು 600 ಸುತ್ತು. ಲಿಸ್ಟರಿಗೆ ಹನ್ನೆರಡು ಇಂಚಿನ ಪುಲ್ಲಿ, ಕಲ್ಲಿಗೆ ಹದಿಮೂರು, ಲೆಕ್ಕ ಸರಿಹೋಯಿತು. ಪೆಟ್ಟರಿಗೆ ಆರಿಂಚಿನ ಪುಲ್ಲಿ ಹಾಕಿ ಕಲ್ಲಿಗೆ ಹದಿನೈದು ಇಂಚಿನದ್ದು ಮಾಡಿಸಬೇಕಾಯಿತು. ಲಿಸ್ಟರ್ ಹತ್ತು ಕೆಜಿಗೆ ಎಂಟು ನಿಮಿಷ, 150 ಮಿಲಿ ಡೀಸೆಲ್. ಪೆಟ್ಟರ್ ಎಂಟೂವರೆ ನಿಮಿಷ, 135 ಮಿಲಿ. ಎಣ್ಣೆಯಲ್ಲಿ ಪೆಟ್ಟರ್ ಗೆದ್ದಿತು.

ಆದರೆ ಹಿಟ್ಟನ್ನು ಅಮ್ಮನ ಕೈಗೆ ಕೊಟ್ಟಾಗ ತೀರ್ಪು ಬೇರೆ ಬಂತು. ಯಾವ ಡಬ್ಬಿ ಯಾವುದರದೆಂದು ನಾನು ಹೇಳಿರಲಿಲ್ಲ. ಎರಡು ಬೆರಳಲ್ಲಿ ಉಜ್ಜಿ ನೋಡಿ, "ಇದು ಮುದ್ದೆಗಾಯ್ತದೆ ಕಣ್ಲಾ. ಅದ್ರಲ್ಲಿ ತರಿ ಐತೆ, ಒಂದ್ಕಡೆ ನುಣ್ಗೈತೆ ಒಂದ್ಕಡೆ ಇಲ್ಲ" ಅಂದರು. ಮುದ್ದೆಗೆ ಆಗುವುದು ಲಿಸ್ಟರಿನದು. ಕಾರಣ ಹುಡುಕಿದಾಗ ಬೆಲ್ಟಿನಲ್ಲಿ ಸಿಕ್ಕಿತು. ಆರಿಂಚಿನ ಸಣ್ಣ ಪುಲ್ಲಿಯನ್ನು ಚಪ್ಪಟೆ ಬೆಲ್ಟು ತಬ್ಬಿಕೊಳ್ಳುವ ಜಾಗ ಕಡಿಮೆ. ರಾಗಿ ಸ್ವಲ್ಪ ಹೆಚ್ಚು ಬಿದ್ದ ಕೂಡಲೇ ಬೆಲ್ಟು ಜಾರುತ್ತದೆ, ಕಲ್ಲು ನಿಧಾನವಾಗುತ್ತದೆ, ಮತ್ತೆ ಹಿಡಿಯುತ್ತದೆ. ಬೆಲ್ಟಿಗೆ ಹರಳೆಣ್ಣೆ ಸವರಿದೆ, ಬೆನ್ನಿನಿಂದ ಒತ್ತುವ ಒಂದು ಬಿಡಿ ಪುಲ್ಲಿ ಕೂರಿಸಿದೆ. ಸುಧಾರಿಸಿತು, ಸಮ ಆಗಲಿಲ್ಲ. ವಿ ಬೆಲ್ಟು ಹಾಕಿದ್ದರೆ ಆಗುತ್ತಿತ್ತೇನೋ, ಅಪ್ಪನ ಕಾಲದ ಪುಲ್ಲಿಯನ್ನು ಕಿತ್ತುಹಾಕಲು ಮನಸ್ಸು ಬರಲಿಲ್ಲ. ಲಿಸ್ಟರಿನಲ್ಲಿ ಹಿಡಿ ರಾಗಿ ಒಟ್ಟಿಗೆ ಬಿದ್ದರೂ ಆ ಎರಡು ಚಕ್ರಗಳು ತಮ್ಮ ತೂಕದಲ್ಲೇ ಅದನ್ನು ದಾಟಿಸಿಬಿಡುತ್ತವೆ, ಸದ್ದು ಒಂಚೂರು ದಪ್ಪಗಾಗುತ್ತದೆ ಅಷ್ಟೆ. ಆ ಸದ್ದಿನ ವಿಷಯವನ್ನೂ ಹೇಳಲೇಬೇಕು. ನಿಮಿಷಕ್ಕೆ 325 ಹೊಡೆತ, ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ. ಪಕ್ಕದಲ್ಲಿ ನಿಂತು ಮಾತಾಡಬಹುದು. ಪೆಟ್ಟರಿನ 750 ಹೊಡೆತ ಒಂದೇ ಗದ್ದಲವಾಗಿ ಕಿವಿಗೆ ಬಡಿಯುತ್ತದೆ. ಲಿಸ್ಟರ್ ಓಡಿದ ಮೊದಲ ದಿನ ಅಪ್ಪ ಕುರ್ಚಿ ತರಿಸಿಕೊಂಡು ಬಂದು ಕೂತರು, ನಿಲ್ಲಿಸುವವರೆಗೂ ಏಳಲಿಲ್ಲ.

ನೀರೆತ್ತಲು ಹಚ್ಚಿದಾಗ ಎಲ್ಲ ತಲೆಕೆಳಗಾಯಿತು. ಸೆಂಟ್ರಿಫ್ಯೂಗಲ್ ಪಂಪಿಗೆ ಬೇಕಾದದ್ದು 1500 ಸುತ್ತು. ಪೆಟ್ಟರನ್ನು ಕಪ್ಲಿಂಗ್ ಹಾಕಿ ನೇರವಾಗಿ ಕೂರಿಸಿದೆ, ಬೆಲ್ಟೇ ಬೇಡ. ಇಂಜಿನ್ ತಂಪಾಗಲು ಪಂಪಿನ ನೀರಿನಿಂದಲೇ ಒಂದು ಸಣ್ಣ ಪೈಪು ಎಳೆದರಾಯಿತು. ಇನ್ನೂರು ಲೀಟರಿನ ಡ್ರಮ್ಮು 22 ಸೆಕೆಂಡಿಗೆ ತುಂಬಿತು. ಲಿಸ್ಟರಿಗೆ ಬೆಲ್ಟು ಹಾಕಿ ಸುತ್ತನ್ನು ಎರಡು ಪಟ್ಟಿಗೂ ಮೇಲೆ ಏರಿಸಿ ನೋಡಿದರೆ 27 ಸೆಕೆಂಡು. ಪಂಪಿನಲ್ಲಿ ನೀರೇರುವ ಎತ್ತರ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ ತಕ್ಕಂತೆ ಇಳಿಯುತ್ತದೆ. ಬೆಲ್ಟು ನೂರಕ್ಕೆ ಐದು ಜಾರಿದರೂ ಎತ್ತರ ನೂರಕ್ಕೆ ಸುಮಾರು ಹತ್ತು ಕಡಿಮೆ. ಮಿಲ್ಲಿನ ಮನೆಯಲ್ಲಿ ಲಿಸ್ಟರಿಗೆ ಒಂದು ಡ್ರಮ್ಮು ನೀರು ಪಕ್ಕದಲ್ಲಿಟ್ಟರೆ ಬಿಸಿನೀರು ತಾನೇ ಮೇಲೇರಿ ತಣ್ಣೀರು ತಾನೇ ಕೆಳಗಿಳಿದು ದಿನವಿಡೀ ತಂಪಾಗಿರುತ್ತದೆ. ಕೆರೆ ದಡದಲ್ಲಿ ಆ ಗುಣ ಉಪಯೋಗಕ್ಕೆ ಬರುವುದಿಲ್ಲ.

ಮೇವು ಕತ್ತರಿಸುವ ಯಂತ್ರಕ್ಕೆ ಎರಡೂ ನಡೆಯುತ್ತವೆ, ಅದು ಕೇಳುವುದು ಒಂದೆರಡು ಕುದುರೆ ಮಾತ್ರ. ಸೀಮೆಎಣ್ಣೆ ಇಂಜಿನ್ ಹೇಗೆ ಎಂದು ಕೆಲವರು ಕೇಳುತ್ತಾರೆ. ವಿಲಿಯರ್ಸ್ ಮಾದರಿಯ ಒಂದನ್ನು ಪೆಟ್ರೋಲಿನಲ್ಲಿ ಎಬ್ಬಿಸಿ ಸೀಮೆಎಣ್ಣೆಗೆ ತಿರುಗಿಸಿ ಓಡಿಸಿದ್ದೇನೆ. ಒಬ್ಬನೇ ಹೊತ್ತುಕೊಂಡು ಹೋಗಬಹುದು, ಅದು ನಿಜ. ಆದರೆ ಉರಿಯದ ಸೀಮೆಎಣ್ಣೆ ಕೆಳಗಿಳಿದು ಎಂಜಿನ್ ಎಣ್ಣೆಯನ್ನು ತೆಳ್ಳಗೆ ಮಾಡುತ್ತದೆ, ಮೇಲಿಂದ ಮೇಲೆ ಎಣ್ಣೆ ಬದಲಿಸಬೇಕು. ಸೀಮೆಎಣ್ಣೆ ಸಿಗುವುದೂ ಈಗ ಕಷ್ಟ. ಅದನ್ನು ಒರೆಸಿ ಕಪಾಟಿನಲ್ಲಿಟ್ಟಿದ್ದೇನೆ.

ಹಾಗಾಗಿ ಹಳೇ ಇಂಜಿನ್ ಹುಡುಕುವವರಿಗೆ ನಾನು ಮೊದಲು ಕೇಳುವುದು, ಅದಕ್ಕೆ ಏನು ಕಟ್ಟುತ್ತೀರಿ ಎಂದು. ಗಿರಣಿ ಕಲ್ಲೋ ಕಬ್ಬಿನ ಗಾಣವೋ ಇದ್ದರೆ ಲಿಸ್ಟರ್ ಹುಡುಕಿ, ಆಗಲೇ ಜಾಗಕ್ಕೆ ಕಾಂಕ್ರೀಟೂ ಹಾಕಿಸಿ. ನೀರೆತ್ತಬೇಕಿದ್ದರೆ, ಬಿಡಿಭಾಗಕ್ಕೆ ಅಲೆಯಲು ಹೊತ್ತಿಲ್ಲದಿದ್ದರೆ ಪೆಟ್ಟರ್. ಏನನ್ನೂ ಕಟ್ಟದೆ ಬರೀ ಓಡಿಸಿ ನೋಡುವುದಾದರೆ ಲಿಸ್ಟರೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಬೆಲ್ಟಿಗೆ ಜಾಲರಿ ಕಟ್ಟದೆ ಯಾರನ್ನೂ ಹತ್ತಿರ ಬಿಡಬೇಡಿ. ಪಂಚೆಯ ತುದಿ, ಸೀರೆಯ ಸೆರಗು ಸಿಕ್ಕರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಪೆಟ್ಟರ್ ಈಗ ತೆಂಗಿನ ತೋಟದ ಪಂಪಿನ ಜೊತೆಗಿದೆ, ಹೊಸ ಬೂದು ಬಣ್ಣ ಹೊಡೆದಿದ್ದೇನೆ. ಲಿಸ್ಟರಿನ ಹಳೇ ಹಸಿರು ಬಣ್ಣವನ್ನು ಕೆರೆಯಲಿಲ್ಲ, ಅಗಸೆ ಎಣ್ಣೆ ಒರೆಸಿ ಹಾಗೇ ಬಿಟ್ಟಿದ್ದೇನೆ. ತಿಂಗಳಿಗೆರಡು ಭಾನುವಾರ ಅದು ಮನೆಯ ರಾಗಿ ಬೀಸುತ್ತದೆ. ಹೋದ ತಿಂಗಳಿನಿಂದ ಪಕ್ಕದ ಬೀದಿಯವರೂ ಸದ್ದು ಕೇಳಿ ಡಬ್ಬಿ ಹಿಡಿದು ಬರುತ್ತಿದ್ದಾರೆ, ಅಪ್ಪ ಸರದಿ ಪ್ರಕಾರ ಡಬ್ಬಿಗಳನ್ನು ಸಾಲಾಗಿ ಇಡಿಸುತ್ತಾರೆ.