ಶಾಸಕರ ದಾಖಲೆ ಹುಡುಕುವ ಜಾಲತಾಣಗಳು: ಕೊಡಗಿನಿಂದ ಒಂದು ವಿಮರ್ಶೆ

ಕೊಡಗಿಗೆ ಇರುವುದು ಎರಡೇ ವಿಧಾನಸಭಾ ಕ್ಷೇತ್ರ: 208 ಮಡಿಕೇರಿ, 209 ವಿರಾಜಪೇಟೆ. ಕೆ.ಜಿ. ಬೋಪಯ್ಯನವರು 2004ರಿಂದ 2018ರವರೆಗೆ ಸತತ ನಾಲ್ಕು ಚುನಾವಣೆ ಗೆದ್ದರು. ಎಂ.ಪಿ. ಅಪ್ಪಚ್ಚು ರಂಜನ್ 2008, 2013, 2018ರಲ್ಲಿ ಮಡಿಕೇರಿಯಿಂದ ಗೆದ್ದರು, ಅದಕ್ಕೂ ಮೊದಲು ಸೋಮವಾರಪೇಟೆಯಿಂದ. 2023ರಲ್ಲಿ ಇಬ್ಬರೂ ಸೋತು ಎ.ಎಸ್. ಪೊನ್ನಣ್ಣ, ಡಾ. ಮಂತರ್ ಗೌಡ ಬಂದರು. ಇಷ್ಟು ವರ್ಷ ಸದನದಲ್ಲಿ ಕೂತವರು ಯಾವುದಕ್ಕೆ ದನಿ ಎತ್ತಿದರು, ಯಾವುದಕ್ಕೆ ಮತ ಹಾಕಿದರು, ಚುನಾವಣೆಗೆ ಹಣ ಎಲ್ಲಿಂದ ಬಂತು ಎಂಬ ಮೂರು ಪ್ರಶ್ನೆ ಇಟ್ಟುಕೊಂಡು ಸಾರ್ವಜನಿಕರಿಗೆ ಪುಕ್ಕಟೆ ಸಿಗುವ ಸೇವೆಗಳನ್ನು ಇಲ್ಲಿ ಒರೆಗೆ ಹಚ್ಚಿದ್ದೇವೆ.

ಮೊದಲು ಮೈನೇತಾ. ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರವನ್ನು (ಆಸ್ತಿ, ಆದಾಯ ಮುಂತಾದ ವಿವರದ ಅಫಿಡವಿಟ್) ಚುನಾವಣಾ ಸುಧಾರಣೆಗೆ ದುಡಿಯುವ ಎಡಿಆರ್ ಸಂಸ್ಥೆ ಇಲ್ಲಿ ಕೋಷ್ಟಕ ಮಾಡಿ ಹಾಕುತ್ತದೆ. ಬಳಸಲು ಸುಲಭ, ಮೊಬೈಲಿನಲ್ಲೂ ಬೇಗ ತೆರೆಯುತ್ತದೆ. ಹುಡುಕುವಾಗ ಒಂದು ಎಚ್ಚರ ಬೇಕು. 2008ರ ಕ್ಷೇತ್ರ ಮರುವಿಂಗಡಣೆಗೆ ಮೊದಲು ಜಿಲ್ಲೆಯಲ್ಲಿ ಮೂರು ಕ್ಷೇತ್ರಗಳಿದ್ದವು. ಬೋಪಯ್ಯನವರ 2004ರ ಪ್ರಮಾಣಪತ್ರಕ್ಕೆ ಮಡಿಕೇರಿಯನ್ನು ನೋಡಬೇಕು, ಆಮೇಲಿನದಕ್ಕೆ ವಿರಾಜಪೇಟೆಯನ್ನು. ಅಪ್ಪಚ್ಚು, ರಂಜನ್ ಎರಡೂ ಹೆಸರಲ್ಲಿ ಹುಡುಕಿ.

ಕೊಡಗಿನವರು ಎಡವುವುದು ಆಸ್ತಿಯ ಅಂಕಿಯಲ್ಲಿ. ಐದು ವರ್ಷದಲ್ಲಿ ಆಸ್ತಿ ಇಷ್ಟು ಪಟ್ಟು ಏರಿತು ಎಂಬ ಸಾಲು ನೋಡಿ ತೀರ್ಪು ಕೊಡಬೇಡಿ. ಮೂಲ ಪ್ರಮಾಣಪತ್ರದ ಪಿಡಿಎಫ್ ತೆರೆದು ಕೃಷಿ ಜಮೀನಿನ ಭಾಗಕ್ಕೆ ಹೋಗಿ. ಅಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೇ ಅಲ್ಲವೇ, ಕೊಂಡ ದಿನಾಂಕ, ಕೊಂಡ ಬೆಲೆ, ಈಗಿನ ಅಂದಾಜು ಬೆಲೆ ಎಲ್ಲವೂ ಬೇರೆ ಬೇರೆ ಇರುತ್ತವೆ. ಎಕರೆ ಅಷ್ಟೇ ಇದ್ದು ರೂಪಾಯಿ ಮಾತ್ರ ಏರಿದ್ದರೆ ಅದು ತೋಟದ ಬೆಲೆ ಏರಿದ್ದು. ಎಕರೆಯೇ ಏರಿದ್ದರೆ ಕೊಂಡ ದಿನಾಂಕ ನೋಡಿ. ಒಕ್ಕದ (ಕೊಡವ ಮನೆತನದ) ಜಮ್ಮಾ ಜಾಗದಲ್ಲಿ, ಅಂದರೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿಯಲ್ಲಿ, ಪಾಲು ಇರುವವರು ಪೂರ್ತಿ ವಿಸ್ತೀರ್ಣ ತೋರಿಸಿದ್ದಾರೋ ತಮ್ಮ ಪಾಲು ಮಾತ್ರವೋ ಎಂಬುದನ್ನು ಪಹಣಿಯೊಂದಿಗೆ ತಾಳೆ ನೋಡದೆ ಹೇಳಲಾಗದು. ಆದಾಯದ ಕಾಲಮ್ಮಿಗೂ ಇದೇ ಮಾತು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ತಾನೇ ಬೆಳೆದು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿಸಿ ಮಾರಿದ ಕಾಫಿಯ ಆದಾಯದಲ್ಲೂ ತೆರಿಗೆಗೆ ಬರುವುದು ಶೇ. 25 ಮಾತ್ರ. ಹಾಗಾಗಿ ದೊಡ್ಡ ಬೆಳೆಗಾರ ಅಭ್ಯರ್ಥಿಯ ರಿಟರ್ನ್‌ನಲ್ಲಿ ಸಣ್ಣ ಮೊತ್ತ ಕಂಡರೆ ಅಷ್ಟಕ್ಕೇ ಸುಳ್ಳು ಎನ್ನಲು ಬರುವುದಿಲ್ಲ.

ಚುನಾವಣೆಯ ಹಣಕ್ಕೆ ಜಾಲತಾಣದ ಸಾರಾಂಶ ಸಾಲದು, ಕಾಗದವನ್ನೇ ನೋಡಬೇಕು. ಫಲಿತಾಂಶ ಬಂದ 30 ದಿನದೊಳಗೆ ಪ್ರತಿ ಅಭ್ಯರ್ಥಿಯೂ ಜಿಲ್ಲಾ ಚುನಾವಣಾಧಿಕಾರಿಗೆ ವೆಚ್ಚದ ಲೆಕ್ಕ ಕೊಡಬೇಕು. ನಮಗೆ ಅದು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿ. 1961ರ ಚುನಾವಣಾ ನಿಯಮಗಳ 88ನೇ ನಿಯಮದಂತೆ ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಆ ಲೆಕ್ಕವನ್ನು ನೋಡಬಹುದು. ದೃಢೀಕೃತ ಪ್ರತಿಗೆ ಶುಲ್ಕ ಬೇರೆ. ಅರ್ಜಿಯಲ್ಲಿ ‘ವೆಚ್ಚದ ವಿವರ’ ಎಂದಷ್ಟೇ ಬರೆದರೆ ಒಟ್ಟು ಮೊತ್ತದ ಹಾಳೆ ಮಾತ್ರ ಕೈಗೆ ಬರಬಹುದು. ಸ್ವಂತ ಹಣ, ಪಕ್ಷ ಕೊಟ್ಟದ್ದು, ಇತರರಿಂದ ಬಂದ ಸಾಲ ಮತ್ತು ದೇಣಿಗೆ ಈ ಮೂರರ ಅನುಬಂಧಗಳು, ಜೊತೆಗೆ ದಿನವಹಿ ರಿಜಿಸ್ಟರ್ ಬೇಕೆಂದು ಬಿಡಿಸಿ ಬರೆಯಿರಿ. ರಿಜಿಸ್ಟರಿನಲ್ಲಿ ದಿನವಹಿ ಲೆಕ್ಕ ಬಿಳಿ ಹಾಳೆ, ನಗದು ಗುಲಾಬಿ, ಬ್ಯಾಂಕ್ ಹಳದಿ. ಗುಲಾಬಿ ಹಾಳೆಯಿಂದ ಶುರು ಮಾಡಿ: ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಡುವಂತಿಲ್ಲ.

ಬೇರೆ ಬೇರೆ ಚುನಾವಣೆಗಳನ್ನು ಹೋಲಿಸುವಾಗ ಅಭ್ಯರ್ಥಿಯ ವೆಚ್ಚದ ಮಿತಿಯೂ ಬದಲಾಗಿದೆ ಎಂಬುದು ನೆನಪಿರಲಿ. 2013ರಲ್ಲಿ 16 ಲಕ್ಷ, 2018ರಲ್ಲಿ 28 ಲಕ್ಷ, 2023ರಲ್ಲಿ 40 ಲಕ್ಷ. ಪಕ್ಷದ ಸಾಮಾನ್ಯ ಪ್ರಚಾರ, ತಾರಾ ಪ್ರಚಾರಕರ ಓಡಾಟದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಈ ವ್ಯವಸ್ಥೆಯ ದೊಡ್ಡ ತೂತು ಇದೇ. ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ರದ್ದು ಮಾಡಿದ ಚುನಾವಣಾ ಬಾಂಡ್‌ಗಳ ಮಾಹಿತಿಯೂ ಪಕ್ಷದ ಹೆಸರಿನಲ್ಲೇ ಇದೆ, ಅಲ್ಲಿಂದ ಕ್ಷೇತ್ರಕ್ಕೆ ದಾರಿ ಇಲ್ಲ.

ಮತದ ದಾಖಲೆ ಹುಡುಕುವವರಿಗೆ ನಿರಾಸೆ ಕಾದಿದೆ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ, ಯಾರು ಏನೆಂದರು ಎಂಬುದು ದಾಖಲಾಗುವುದಿಲ್ಲ. 2020ರ ಡಿಸೆಂಬರಿನಲ್ಲಿ ಗೋಹತ್ಯೆ ನಿಷೇಧ ಮಸೂದೆ ವಿಧಾನಸಭೆ ದಾಟಿದ್ದು ಹೀಗೆಯೇ. ತಲೆ ಎಣಿಸುವುದು ಅಪರೂಪ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿದ್ದ ದಿನ ಎಣಿಸಿದರು. ಅಲ್ಲೂ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಇರುವುದರಿಂದ ಮತ ಪಕ್ಷದ್ದು. ಸಭಾಧ್ಯಕ್ಷರ ವಿಷಯ ಇನ್ನೂ ಬೇರೆ: ಮತಗಳು ಸಮಬಲವಾದರೆ ಮಾತ್ರ ಅವರಿಗೆ ಮತ. ಬೋಪಯ್ಯನವರ ಸಭಾಧ್ಯಕ್ಷ ಅವಧಿಯನ್ನು ಅವರು ಕೊಟ್ಟ ತೀರ್ಪುಗಳಿಂದ ಅಳೆಯಬೇಕು. ಯಡಿಯೂರಪ್ಪ ಸರ್ಕಾರದ 2010ರ ಅಕ್ಟೋಬರ್ 11ರ ವಿಶ್ವಾಸಮತ ಧ್ವನಿಮತದಲ್ಲಿ ಮುಗಿಯಿತು, 14ರಂದು ಮತ್ತೆ ಎಣಿಸಿದಾಗ 106–100. ಆ ಹೊತ್ತಿನಲ್ಲಿ ಅವರು 16 ಶಾಸಕರನ್ನು ಅನರ್ಹಗೊಳಿಸಿದ ಆದೇಶವನ್ನು 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆ ತೀರ್ಪು ಅಂತರ್ಜಾಲದಲ್ಲಿ ಪೂರ್ತಿ ಸಿಗುತ್ತದೆ, ಓದಲೇಬೇಕಾದದ್ದು.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ವಿಧಾನಸಭೆಯ ಜಾಲತಾಣದ ಪ್ರಶ್ನೋತ್ತರ. ಶಾಸಕರ ಆದ್ಯತೆ ಏನಿತ್ತು ಎಂಬುದಕ್ಕೆ ಭಾಷಣ, ಫ್ಲೆಕ್ಸ್ ಯಾವುದೂ ಇದರಷ್ಟು ಗಟ್ಟಿ ಸಾಕ್ಷಿ ಅಲ್ಲ. ತೊಂದರೆ ಎಂದರೆ ಹಳೆಯ ಕಡತಗಳು ಸ್ಕ್ಯಾನ್ ಪ್ರತಿಗಳು ಅಥವಾ ಯುನಿಕೋಡ್‌ಗೆ ಮುಂಚಿನ ಅಕ್ಷರಗಳಲ್ಲಿವೆ. ‘ಕಾಡಾನೆ’ ಎಂದು ಟೈಪಿಸಿ ಹುಡುಕಿದರೆ ಏನೂ ಸಿಕ್ಕದು. ಅಧಿವೇಶನ, ದಿನಾಂಕ, ಸದಸ್ಯರ ಹೆಸರು ಹಿಡಿದು ಒಂದೊಂದಾಗಿ ತೆರೆಯಬೇಕು. ಹಾಳೆಯ ತಲೆಯಲ್ಲಿ ಪ್ರಶ್ನೆ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಸಚಿವರು. ಕೆಳಗೆ ಎರಡು ಕಾಲಮ್, ಎಡಕ್ಕೆ ಅ, ಆ, ಇ, ಈ ಎಂದು ಉಪಪ್ರಶ್ನೆ, ಬಲಕ್ಕೆ ಉತ್ತರ. ‘ಸರ್ಕಾರದ ಗಮನಕ್ಕೆ ಬಂದಿದೆಯೇ’ ಎಂದರೆ ‘ಬಂದಿದೆ’. ಇದು ಉಪಚಾರ. ತೂಕ ಇರುವುದು ಬಿಡುಗಡೆಯಾದ ಮೊತ್ತ, ಗಡುವು ಕೇಳುವ ಕೊನೆಯ ಸಾಲುಗಳಲ್ಲಿ.

ಒಂದು ಎಕ್ಸೆಲ್ ಹಾಳೆಯಲ್ಲಿ ದಿನಾಂಕ, ಇಲಾಖೆ, ಊರು, ಚುಕ್ಕೆ ಗುರುತು ಇದೆಯೋ ಇಲ್ಲವೋ, ಉತ್ತರದಲ್ಲಿ ಗಡುವು ಸಿಕ್ಕಿತೋ ಎಂದು ಐದು ಕಾಲಮ್ ಹಾಕಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಬಾಯಿಮಾತಿನ ಉತ್ತರ, ಮೇಲೆ ಮರುಪ್ರಶ್ನೆಗೆ ಅವಕಾಶ; ಉಳಿದವಕ್ಕೆ ಲಿಖಿತ ಉತ್ತರ ಮಾತ್ರ. ಸದನದ ನಿಯಮ 73ರಡಿ ತುರ್ತು ವಿಷಯಕ್ಕೆ ಸಚಿವರ ಗಮನ ಸೆಳೆಯುವ ಸೂಚನೆಗಳನ್ನು ಬೇರೆ ಬರೆದಿಡಿ. ಸಚಿವರು, ಸಭಾಧ್ಯಕ್ಷರು ಪ್ರಶ್ನೆ ಕೇಳುವುದಿಲ್ಲ. ಹಾಗಾಗಿ 2009–13ರ ಬೋಪಯ್ಯ, 2012–13ರಲ್ಲಿ ಸಚಿವರಾಗಿದ್ದ ರಂಜನ್ ಅವರ ಸೊನ್ನೆಯನ್ನು ಸರಾಸರಿಗೆ ಸೇರಿಸಬೇಡಿ. ಸಂಸದರ ಹಾಜರಿ, ಪ್ರಶ್ನೆಗಳಿಗೆ ಶಾಸನಸಭೆಗಳ ಕೆಲಸವನ್ನು ಅಧ್ಯಯನ ಮಾಡುವ ಸಂಸ್ಥೆಯಾದ ಪಿಆರ್‌ಎಸ್ ಜಾಲತಾಣ ಅಚ್ಚುಕಟ್ಟಾಗಿದೆ, ಮೈಸೂರು–ಕೊಡಗು ಕ್ಷೇತ್ರಕ್ಕೆ ಅದನ್ನೇ ಬಳಸಿ.

2018ರ ಆಗಸ್ಟಿನ ಭೂಕುಸಿತದ ನಂತರದ ಅಧಿವೇಶನಗಳಿಂದ ಆರಂಭಿಸುವುದು ಒಳ್ಳೆಯದು. ಪುನರ್ವಸತಿ, ಕಾಡಾನೆ ಪರಿಹಾರ, ಜಮ್ಮಾ ಬಾಣೆ (ಜಮ್ಮಾ ಗದ್ದೆಗೆ ಸೇರಿದ ಕಾಡು, ಹುಲ್ಲಿನ ಜಾಗ), ರಸ್ತೆ ಎಂದು ವಿಷಯ ವಿಂಗಡಿಸಿ, ಒಂದೇ ವಿಷಯ ಮುಂದಿನ ಅಧಿವೇಶನದಲ್ಲಿ ಮತ್ತೆ ಬಂದಿದೆಯೇ ನೋಡಿ. ಮೊದಲ ಉತ್ತರದಲ್ಲಿ ‘ಪರಿಶೀಲನೆಯಲ್ಲಿದೆ’ ಎಂದಿದ್ದರೆ, ಅದೇ ಶಾಸಕರು ಅದೇ ಊರಿನ ಹೆಸರು ಹಿಡಿದು ಎರಡನೇ ಸಲ ಕೇಳಿದ ಹಾಳೆಯನ್ನು ಹುಡುಕಿ.