ಬಿಳಚಿದ ಕಿಟಕಿ ಪಟ್ಟಿಗೆ ಸಿರಾಮಿಕ್ ಟ್ರಿಮ್ ಕೋಟ್: ಎರಡು ಮಳೆಗಾಲ ಕಳೆದ ಮೇಲೆ

ಬಳಸಿದ್ದು: 30 ಮಿ.ಲೀ. ಬಾಟಲಿಯ ಸಿರಾಮಿಕ್ ಟ್ರಿಮ್ ಕೋಟ್ (ಬಿಳಚಿದ ಕಪ್ಪು ಪ್ಲಾಸ್ಟಿಕ್ಕಿಗೆ ಹಚ್ಚುವ, ಗಟ್ಟಿ ಪದರವಾಗುವ ದ್ರವ), ಕೊಂಡಾಗ ಬಾಟಲಿಗೆ 850 ರೂಪಾಯಿ
ಕಾರುಗಳು: ಮುಂಬಯಿಯ ಮುಲುಂಡಿನ ಸೊಸೈಟಿಯೊಂದರ ತೆರೆದ ಪಾರ್ಕಿಂಗಿನಲ್ಲಿ ನಿಲ್ಲುವ 2009ರ ಹ್ಯಾಚ್‌ಬ್ಯಾಕ್, ಗೋವಾದ ವಾಸ್ಕೋದಲ್ಲಿ ರಸ್ತೆ ಬದಿ ನಿಲ್ಲುವ 2011ರ ಸೆಡಾನ್
ಅವಧಿ: ಜನವರಿಯಲ್ಲಿ ಹಚ್ಚಿದ್ದು, ಈಗ 20 ತಿಂಗಳು
ಅಂಕ: ಐದಕ್ಕೆ ಮೂರೂವರೆ

ಹಚ್ಚುವ ಕೆಲಸ 25 ನಿಮಿಷದ್ದು, ಅದಕ್ಕೆ ಮುಂಚಿನ ತಿಕ್ಕಾಟ ಎರಡೂವರೆ ಗಂಟೆಯದು. ಈ ಲೆಕ್ಕವನ್ನು ತಿರುಗುಮುರುಗು ಮಾಡಿದವರೇ ಆಮೇಲೆ "ಎರಡು ಮಳೆಗೆ ತೊಳೆದುಹೋಯಿತು" ಎಂದು ಬೈಯುವವರು. ಕಡಿಮೆಯಾದ ಒಂದೂವರೆ ಅಂಕದಲ್ಲಿ ಒಂದು ಹೋದದ್ದು ಪೊಟ್ಟಣದ ಮೇಲಿನ ಸೂಚನೆಗೆ: ತಯಾರಿಯ ಬಗ್ಗೆ ಅದರಲ್ಲಿರುವುದು "ಮೇಲ್ಮೈ ಸ್ವಚ್ಛಗೊಳಿಸಿ" ಎಂಬ ಎರಡೇ ಪದ. ಉಳಿದರ್ಧ ಯಾಕೆ ಹೋಯಿತೆಂದು ಕೊನೆಯಲ್ಲಿ ಹೇಳುತ್ತೇವೆ.

ಮೊದಲು ಯಾವ ಪಟ್ಟಿ ಎಂಬುದು ಸ್ಪಷ್ಟವಿರಲಿ. ಬಾಗಿಲ ಗಾಜಿನ ಬುಡದಲ್ಲಿ, ಹೊರಗಡೆ, ಉದ್ದಕ್ಕೂ ಮಲಗಿರುವ ಕಪ್ಪು ಪಟ್ಟಿ ಇದು. ಒಳಗೆ ತೆಳು ತಗಡು, ಅದರ ಮೇಲೆ ಪಿವಿಸಿ ಅಥವಾ ರಬ್ಬರಿನಂಥ ಪ್ಲಾಸ್ಟಿಕ್ಕಿನ ಹೊದಿಕೆ, ಗಾಜಿಗೆ ತಾಗುವ ಕಡೆ ಮಖಮಲ್ಲಿನಂಥ ಜೂಲಿರುವ ತುಟಿ. ಗ್ಯಾರೇಜಿನಲ್ಲಿ ಬೀಡಿಂಗ್ ಎನ್ನುತ್ತಾರೆ. ಆದರೆ ಬಾಗಿಲ ಚೌಕಟ್ಟಿನ ರಬ್ಬರಿಗೂ ಗಾಜು ಜಾರುವ ಚಾನೆಲ್ಲಿಗೂ ಅದೇ ಹೆಸರು ಓಡುತ್ತದೆ. ಕುರ್ಲಾದ ಅಂಗಡಿಯಲ್ಲಿ "ಬಾಹರ್‌ವಾಲಾ" (ಹೊರಗಿನದು) ಎಂದು ಬಿಡಿಸಿ ಹೇಳದಿದ್ದರೆ ಕೈಗೆ ಬರುವುದು ಬೇರೆಯೇ ಸಾಮಾನು. ಇದರ ಜೊತೆಗೆ ಎರಡು ಬಾಗಿಲ ನಡುವಿನ ಕಪ್ಪು ಭಾಗ, ಅಂದರೆ ಬಿ ಪಿಲ್ಲರ್, ಮತ್ತು ವೈಪರ್ ಕೆಳಗಿನ ಒರಟು ಪ್ಲಾಸ್ಟಿಕ್ ಹೊದಿಕೆಗೂ ಇದೇ ಕೋಟ್ ಹಚ್ಚಲಾಯಿತು.

ಪಟ್ಟಿ ಬಿಳಚುವುದಕ್ಕೆ ಕಾರಣ ಬಿಸಿಲು. ನೇರಳಾತೀತ ಕಿರಣ ಮೇಲಿನ ತೆಳು ಪದರವನ್ನು ಒಡೆಯುತ್ತದೆ, ಪಿವಿಸಿಯನ್ನು ಮೆತ್ತಗಿಡುವ ಎಣ್ಣೆಯಂಶ ಹೊರಟುಹೋಗುತ್ತದೆ, ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಾಗುತ್ತವೆ. ಅಲ್ಲಿ ಬೆಳಕು ಚೆದುರಿ ಪಟ್ಟಿ ಬೂದಿ ಬಣ್ಣಕ್ಕೆ ಕಾಣುತ್ತದೆ. ಒದ್ದೆಯಾದಾಗ ಮತ್ತೆ ಕಪ್ಪಾಗುವುದು ಇದಕ್ಕೇ: ನೀರು ಆ ತೂತುಗಳನ್ನು ತುಂಬುತ್ತದೆ.

ಕೊಳ್ಳುವ ಮೊದಲಿನ ಪರೀಕ್ಷೆಯೂ ಇದೇ ನೀರು. ಒದ್ದೆ ಬಟ್ಟೆಯಿಂದ ಪಟ್ಟಿ ಒರೆಸಿ. ಒದ್ದೆ ಇರುವಷ್ಟು ಹೊತ್ತು ಸಮನಾಗಿ ಕಪ್ಪಗಿದ್ದು, ಒಣಗಿದ ಮೇಲೆ ಬಿಳಚಿದರೆ ಕೋಟ್ ಕೆಲಸ ಮಾಡುತ್ತದೆ. ಒದ್ದೆಯಲ್ಲೂ ಜೇಡರ ಬಲೆಯಂಥ ಬಿರುಕು ಕಂಡರೆ, ಉಗುರಿಗೆ ತೊಗಟೆ ಎದ್ದು ಬಂದರೆ, ಅಥವಾ ತುದಿಯಲ್ಲಿ ಪಟ್ಟಿ ಕುಗ್ಗಿ ತಗಡು ಇಣುಕುತ್ತಿದ್ದರೆ ಯಾವ ಬಾಟಲಿಯೂ ಬೇಡ, ಪಟ್ಟಿ ಬದಲಾಯಿಸಿ. ಕರಾವಳಿ ಕಾರುಗಳಲ್ಲಿ ಇನ್ನೊಂದು ಲಕ್ಷಣ ನೋಡಿಕೊಳ್ಳಿ: ಹೊದಿಕೆ ಅಲ್ಲಲ್ಲಿ ಉಬ್ಬಿರುತ್ತದೆ. ಒಳಗಿನ ತಗಡು ತುಕ್ಕು ಹಿಡಿದು ಹಿಗ್ಗಿದ ಗುರುತದು. ವಾಸ್ಕೋದ ಸೆಡಾನಿನ ಹಿಂದಿನ ಎಡ ಪಟ್ಟಿಯಲ್ಲಿ ಎರಡು ಅಂಗುಲದಷ್ಟು ಹಾಗೆ ಉಬ್ಬಿತ್ತು. ಕೋಟ್ ಹಚ್ಚಿದ ಮೇಲೆ ಕಪ್ಪಾಗಿಯೇ ಉಬ್ಬಿಕೊಂಡಿತ್ತು, ಅಷ್ಟೇ.

ಇನ್ನು ತಿಕ್ಕುವ ಕೆಲಸ. ಹದಿನೈದು ವರ್ಷದ ಕಾರಿನ ಪಟ್ಟಿಯ ಮೇಲೆ ಬರೀ ಧೂಳಿರುವುದಿಲ್ಲ. ಪ್ರತಿ ಸರ್ವಿಸಿಂಗ್‌ನಲ್ಲೂ ಮಿಂಚಲೆಂದು ಬಳಿದ ಸಿಲಿಕೋನ್ ಎಣ್ಣೆ, ಪಾಲಿಶ್ ಮಾಡಿದವರು ಬಿಟ್ಟ ಬಿಳಿ ವ್ಯಾಕ್ಸ್, ಬೋರ್‌ವೆಲ್ ನೀರಿನ ಉಪ್ಪಿನ ಕಲೆ, ಎಲ್ಲ ಪದರಪದರವಾಗಿ ಕೂತಿರುತ್ತದೆ. ಇದರ ಮೇಲೆ ಕೋಟ್ ಹಚ್ಚಿದರೆ ಅದು ಎಣ್ಣೆಗೆ ಅಂಟಿಕೊಳ್ಳುತ್ತದೆ, ಪಟ್ಟಿಗಲ್ಲ.

ವ್ಯಾಕ್ಸ್ ಇಲ್ಲದ ಶಾಂಪೂವಿನಿಂದ ಕಾರು ತೊಳೆದು, ಗಾಜು ಪೂರ್ತಿ ಏರಿಸಿ, ಪಟ್ಟಿಯ ಕೆಳಗೆ ಬಣ್ಣದ ಮೇಲೂ ಮೇಲುಗಡೆ ಗಾಜಿನ ಮೇಲೂ ಮಾಸ್ಕಿಂಗ್ ಟೇಪ್ ಹಾಕಿ. ಮುಕ್ಕಾಲು ಅಂಗುಲದ ಟೇಪ್ ಸಾಕು. ನಾಲ್ಕು ಬಾಗಿಲಿಗೆ ಒಂದು ಸುರುಳಿ ಪೂರ್ತಿ ಬೇಕಾಗಲಿಲ್ಲ. ಆಲ್ ಪರ್ಪಸ್ ಕ್ಲೀನರ್ ಒಂದು ಪಾಲಿಗೆ ನೀರು ಐದು ಪಾಲು ಬೆರೆಸಿ ಹಳೆಯ ಟೂತ್‌ಬ್ರಷ್ಷಿನಿಂದ ಅಂಗೈ ಅಗಲದಷ್ಟು ಜಾಗವನ್ನೇ ಒಂದು ಸಲಕ್ಕೆ ತಿಕ್ಕಿ. ಮೊದಲ ಸುತ್ತಿನ ನೊರೆ ಚಹಾದ ಗಸಿಯ ಬಣ್ಣಕ್ಕೆ ಬರುತ್ತದೆ. ಅದನ್ನು ಪಟ್ಟಿಯ ಮೇಲೆ ಒಣಗಲು ಬಿಡಬೇಡಿ, ಒದ್ದೆ ಮೈಕ್ರೋಫೈಬರಿನಿಂದ ತೆಗೆದು ಮತ್ತೆ ತಿಕ್ಕಿ. ನೊರೆ ಬೆಳ್ಳಗೆ ಬರುವವರೆಗೂ ಸುತ್ತು ಮುಗಿದಿಲ್ಲ ಎಂದೇ ಲೆಕ್ಕ. ಮುಲುಂಡಿನ ಕಾರಿಗೆ ಮೂರು ಸುತ್ತು ಹಿಡಿಯಿತು. ವಾಸ್ಕೋದ್ದಕ್ಕೆ ಐದು, ಅಲ್ಲಿನ ಬಂದರಿನ ಕಲ್ಲಿದ್ದಲ ಧೂಳು ಎಣ್ಣೆಯೊಂದಿಗೆ ಕಲೆತು ಕಾಡಿಗೆಯಾಗಿ ಕೂತಿತ್ತು.

ಉಪ್ಪಿನ ಕಲೆಗೆ ಬಿಳಿ ವಿನೆಗರ್, ಸಮಪಾಲು ನೀರು, ಎರಡು ನಿಮಿಷ, ಆಮೇಲೆ ಚೆನ್ನಾಗಿ ನೀರು. ಮೊಂಡು ವ್ಯಾಕ್ಸಿಗೆ ಶಾಲಾ ಮಕ್ಕಳ ಬಿಳಿ ರಬ್ಬರು ಅಚ್ಚರಿಯಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಪಟ್ಟಿಯ ಮೇಲ್ಮೈ ಮುಟ್ಟಿದರೆ ಸೀಮೆಸುಣ್ಣದಂತೆ ಬೆರಳಿಗೆ ಹತ್ತುತ್ತಿದ್ದರೆ ಒದ್ದೆ ಮೆಲಮೈನ್ ಸ್ಪಂಜಿನಿಂದ (ಮ್ಯಾಜಿಕ್ ಸ್ಪಂಜ್ ಎಂದು ಮಾರುವ ಬಿಳಿ ಸ್ಪಂಜು) ಉದ್ದಕ್ಕೆ, ಒಂದೇ ದಿಕ್ಕಿನಲ್ಲಿ, ಹಗುರವಾಗಿ ಉಜ್ಜಿ. ಅಡುಗೆಮನೆಯ ಹಸಿರು ಸ್ಕ್ರಬ್ಬರ್ ಬೇಡವೇ ಬೇಡ. ಅದರ ಗೀರುಗಳು ಕೋಟ್ ಕೆಳಗಿನಿಂದಲೂ ಕಾಣುತ್ತವೆ.

ಕೊನೆಯ ಒರೆತ ಮೆಡಿಕಲ್ ಅಂಗಡಿಯಲ್ಲಿ ಸಿಗುವ 70 ಪ್ರತಿಶತ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ, ಎರಡು ಸಲ, ಎರಡು ಬೇರೆ ಬಟ್ಟೆಯಲ್ಲಿ. ಎರಡನೆಯ ಬಟ್ಟೆಗೆ ಮಸಿ ಹತ್ತಿದರೆ ಮತ್ತೆ ಬ್ರಷ್ಷಿಗೆ ಹೋಗಿ. ಹ್ಯಾಂಡ್ ಸ್ಯಾನಿಟೈಸರ್ ಇದಕ್ಕೆ ಬದಲಿಯಲ್ಲ, ಅದರಲ್ಲಿನ ಗ್ಲಿಸರಿನ್ ಪಟ್ಟಿಯ ಮೇಲೆ ಉಳಿದುಬಿಡುತ್ತದೆ. ಪೆಟ್ರೋಲ್, ಥಿನ್ನರ್ ಮುಟ್ಟಲೇಬೇಡಿ. ಪಿವಿಸಿ ಅಂಟಂಟಾಗುತ್ತದೆ, ರಬ್ಬರು ಊದಿಕೊಳ್ಳುತ್ತದೆ.

ಇಷ್ಟಾದರೂ ತುಟಿಯ ಕೆಳಗೆ ನೀರು ಅಡಗಿರುತ್ತದೆ. ಹಚ್ಚುವಾಗ ಅದು ಇಳಿದು ಬಂದು ಕೋಟಿನಲ್ಲಿ ಬಿಳಿ ಗೆರೆ ಎಳೆಯುತ್ತದೆ. ಹೇರ್ ಡ್ರೈಯರ್ ಐದು ನಿಮಿಷ ಆಡಿಸಿ, ಇನ್ನರ್ಧ ಗಂಟೆ ನೆರಳಲ್ಲಿ ಬಿಟ್ಟರೆ ಈ ತಾಪತ್ರಯವಿಲ್ಲ.

ಕೋಟ್ ಹಚ್ಚುವುದು ಸುಲಭ. ನೈಟ್ರೈಲ್ ಕೈಗವಸು ಹಾಕಿ, ಸ್ಪಂಜು ತುಂಡಿಗೆ ಹತ್ತು ಹನಿ, ಒಂದು ಬಾಗಿಲ ಪಟ್ಟಿಗೆ ಅಷ್ಟು ಸಾಕು. ಉದ್ದಕ್ಕೆ ಎಳೆಯಿರಿ, ಎರಡು ನಿಮಿಷದೊಳಗೆ ಗಿಡ್ಡ ಎಳೆಯ ಮೈಕ್ರೋಫೈಬರಿನಿಂದ ಹಗುರವಾಗಿ ಒರೆಸಿ ಸಮ ಮಾಡಿ. ಒಂದು ಗಂಟೆ ಬಿಟ್ಟು ಎರಡನೆಯ ಕೈ. ನಾಲ್ಕು ಪಟ್ಟಿ, ಎರಡು ಬಿ ಪಿಲ್ಲರ್, ವೈಪರ್ ಹೊದಿಕೆ ಎಲ್ಲ ಸೇರಿ ಎರಡು ಕೈಗೆ ಸುಮಾರು 9 ಮಿ.ಲೀ. ಖರ್ಚಾಯಿತು. ಗಾಜಿಗೆ ತಾಗುವ ಜೂಲಿನ ತುಟಿಗೆ ಮಾತ್ರ ಕೋಟ್ ಸೋಕಬಾರದು. ಜೂಲು ಗಟ್ಟಿಯಾದರೆ ಗಾಜು ಇಳಿಸಿದಾಗಲೆಲ್ಲ ಕಿರ್ ಎನ್ನುತ್ತದೆ, ದಿನ ಕಳೆದಂತೆ ಗಾಜಿನ ಮೇಲೆ ಲಂಬವಾಗಿ ಗೀರು ಬೀಳುತ್ತದೆ. ಬಣ್ಣದ ಮೇಲೆ ಹನಿ ಬಿದ್ದರೆ ಆಗಲೇ ಒರೆಸಬೇಕು. ಮರುದಿನ ರಬ್ಬಿಂಗ್ ಕಾಂಪೌಂಡ್ (ಬಣ್ಣ ಉಜ್ಜುವ ಪೇಸ್ಟ್) ಹಾಕಿ ಉಜ್ಜದೆ ಹೋಗುವುದಿಲ್ಲ. ಎರಡನೆಯ ಕೈ ಒರೆಸಿದ ಕೂಡಲೇ ಟೇಪ್ ಕಿತ್ತುಬಿಡಿ, ಬಿಸಿಲಿಗೆ ಬಿಟ್ಟರೆ ಅದರ ಅಂಟು ಬಣ್ಣದ ಮೇಲೆಯೇ ಉಳಿಯುತ್ತದೆ. ಆಮೇಲೆ 24 ಗಂಟೆ ನೀರೂ ಬೇಡ, ಗಾಜು ಇಳಿಸುವುದೂ ಬೇಡ. ಒಂದು ವಾರ ಶಾಂಪೂ ಬೇಡ.

ಕಾಲದ ಆಯ್ಕೆ ಮುಖ್ಯ. ಈ ಕೋಟ್ ಗಾಳಿಯ ತೇವದಿಂದಲೇ ಗಟ್ಟಿಯಾಗುವಂಥದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ, ಗೋವಾಗಳಲ್ಲಿ ಹಚ್ಚಿದರೆ ಒರೆಸಿ ಸಮ ಮಾಡುವಷ್ಟರಲ್ಲೇ ಸೆಟೆದು ಪಟ್ಟೆಪಟ್ಟೆಯಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಸಮಯ, ಅದೂ ಬೆಳಗ್ಗೆ, ತಗಡು ತಣ್ಣಗಿರುವಾಗ. ಪುಣೆಯ ಒಣ ಹವೆಯಲ್ಲಿ ಸ್ವಲ್ಪ ಹೆಚ್ಚು ಸಾವಕಾಶ ಸಿಗುತ್ತದೆ.

ಫಲಿತಾಂಶ? ಮೊದಲ ದಿನದ ಕಪ್ಪು ಹೊಸ ಪಟ್ಟಿಯದಕ್ಕಿಂತ ಒಂದು ತೂಕ ಹೆಚ್ಚೇ, ಆದರೆ ಎಣ್ಣೆ ಬಳಿದ ಜಿಡ್ಡು ಹೊಳಪಲ್ಲ. ನೀರು ಮಣಿಮಣಿಯಾಗಿ ಉರುಳುವ ಗುಣ ಐದನೆಯ ತಿಂಗಳಿಗೆ, ಮೊದಲ ಮಳೆಗೆ ಮುನ್ನವೇ ಹೋಯಿತು. ಕೋಟೇ ಹೋಯಿತೆಂದು ಆಗ ಮತ್ತೆ ಬಳಿಯಬೇಡಿ. ಬಣ್ಣ ಹಾಗೇ ಇತ್ತು. ಮೊದಲ ಮಳೆಗಾಲ ಎರಡೂ ಕಾರಿನಲ್ಲಿ ನಿರಾಯಾಸವಾಗಿ ಕಳೆಯಿತು. ಹದಿಮೂರನೆಯ ತಿಂಗಳ ಹೊತ್ತಿಗೆ ಮುಲುಂಡಿನ ಕಾರಿನ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುವ ಬಲಗಡೆಯ ಪಟ್ಟಿಗಳ ನೆತ್ತಿ ಮಂಕಾಗತೊಡಗಿತು. ಎಡಗಡೆ ಇನ್ನೂ ಚೆನ್ನಾಗಿದೆ. ಲಂಬವಾಗಿ ನಿಂತಿರುವ ಬಿ ಪಿಲ್ಲರ್ 20 ತಿಂಗಳಾದರೂ ಮೊದಲಿನಂತೆಯೇ ಇದೆ, ಮಲಗಿರುವ ಭಾಗವೇ ಬಿಸಿಲನ್ನು ನೆತ್ತಿಯ ಮೇಲೆ ತಿನ್ನುವುದು. ಎಲ್ಲಕ್ಕಿಂತ ಬೇಗ ಸೋತದ್ದು ವೈಪರ್ ಹೊದಿಕೆ: ಮೇಲೆ ಬಿಸಿಲು, ಕೆಳಗೆ ಎಂಜಿನ್ ಶಾಖ, ಮೂಲೆಯಲ್ಲಿ ಕೊಳೆಯುವ ಎಲೆ. ಒಂಬತ್ತು ತಿಂಗಳಿಗೆ ಬೂದಿ. ಅದಕ್ಕೆ ವರ್ಷಕ್ಕೊಮ್ಮೆ ಕೋಟ್ ಎಂದುಕೊಂಡೇ ಇರಿ.

ಬಿಸಿಲಿನಷ್ಟೇ ಕೋಟ್ ಸವೆಸುವುದು ಸೊಸೈಟಿಯಲ್ಲಿ ಬೆಳಗಿನ ಜಾವ ಇಪ್ಪತ್ತು ಕಾರು ಒರೆಸುವ ಆ ಒಂದು ಬಕೆಟ್ಟು, ಒಂದು ಬಟ್ಟೆ. ಹತ್ತೊಂಬತ್ತು ಕಾರಿನ ಮರಳು ಇಪ್ಪತ್ತನೆಯದರ ಪಟ್ಟಿಗೆ ಉಜ್ಜಿದಂತೆ. ಒರೆಸುವ ಅಣ್ಣನಿಗೆ ಬೇರೆ ಬಟ್ಟೆ ಕೊಟ್ಟು ಕಿಟಕಿ ಪಟ್ಟಿಗೆ ಇದನ್ನೇ ಬಳಸಪ್ಪಾ ಎಂದರೆ ಕೇಳುತ್ತಾರೆ.

ಹಚ್ಚಿದ ಮೇಲೆ ಅಲ್ಲಲ್ಲಿ ಎಣ್ಣೆ ಚೆಲ್ಲಿದ ನೀರಿನಂಥ ಕಾಮನಬಿಲ್ಲು ಕಂಡರೆ ಕೋಟ್ ಹೆಚ್ಚಾಗಿದೆ. ಮೊದಲ ದಿನದೊಳಗಾದರೆ ಅದೇ ಕೋಟಿನ ಎರಡು ಹನಿ ಹಾಕಿ ನೆನೆಸಿ ಒರೆಸಿದರೆ ಸರಿಹೋಗುತ್ತದೆ. ಚುಕ್ಕೆ ಚುಕ್ಕೆಯಾಗಿ ಬಿಳಿ ಉಳಿದರೆ ಅಲ್ಲಿ ಸಿಲಿಕೋನ್ ಉಳಿದಿತ್ತು ಎಂದರ್ಥ. ಅಷ್ಟು ಭಾಗವನ್ನು ಮತ್ತೆ ಮೊದಲಿನಿಂದ ತಿಕ್ಕದೆ ದಾರಿಯಿಲ್ಲ.

ಬೇರೆ ಉಪಾಯಗಳ ಬಗ್ಗೆ ಎರಡು ಮಾತು. ಕೊಬ್ಬರಿ ಎಣ್ಣೆ ಒಂದು ವಾರ ಕಪ್ಪಾಗಿಡುತ್ತದೆ, ಊರಿನ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಬೂಟ್ ಪಾಲಿಶ್ ಮೊದಲ ಮಳೆಗೆ ಕಿಟಕಿಯಲ್ಲಿ ಮೊಣಕೈ ಇಟ್ಟವರ ಬಿಳಿ ಅಂಗಿಯ ತೋಳಿಗೆ ಹೋಗುತ್ತದೆ. ಬಿಸಿಗಾಳಿ ಊದುವ ಹೀಟ್ ಗನ್ ವೈಪರ್ ಹೊದಿಕೆಯಂಥ ಒರಟು ಪ್ಲಾಸ್ಟಿಕ್ಕಿಗೆ ಕೆಲವು ತಿಂಗಳ ಮಟ್ಟಿಗೆ ಸರಿ. ಗಾಜಿನ ಪಕ್ಕದ ಪಟ್ಟಿಗೆ ತಂದರೆ ಹೊದಿಕೆ ಅಲೆ ಏಳುತ್ತದೆ, ಗಾಜು ಸೀಳುವ ಅಪಾಯ ಬೇರೆ. ಸ್ಪ್ರೇ ಪೇಂಟ್ ಬಗ್ಗುವ ಪಟ್ಟಿಯ ಮೇಲೆ ನಿಲ್ಲದೆ ಹಪ್ಪಳದಂತೆ ಏಳುತ್ತದೆ. ಬಿ ಪಿಲ್ಲರಿನ ಹಳೆ ಸ್ಟಿಕ್ಕರ್ ಸುಕ್ಕುಗಟ್ಟಿದ್ದರೆ ಮಾತ್ರ ಅದನ್ನು ಕಿತ್ತು ಮ್ಯಾಟ್ ಕಪ್ಪು ವಿನೈಲ್ ಅಂಟಿಸುವುದು ಕೋಟಿಗಿಂತ ಒಳ್ಳೆಯದು.

ಪಟ್ಟಿಯೇ ಬದಲಾಯಿಸುವುದಾದರೆ ಗಾಜು ಪೂರ್ತಿ ಇಳಿಸಿ, ಬಾಗಿಲು ತೆರೆದು ಹಿಂದಿನ ಅಂಚಿನಲ್ಲಿ ಸ್ಕ್ರೂ ಇದೆಯೇ ನೋಡಿ. ಕೆಲವು ಕಾರಿನಲ್ಲಿ ಕನ್ನಡಿಯ ತ್ರಿಕೋನ ಹೊದಿಕೆಯನ್ನೂ ಬಿಚ್ಚಬೇಕು. ಹಿಂದಿನ ತುದಿಯಿಂದ ಪ್ಲಾಸ್ಟಿಕ್ ಮೀಟುಗೋಲಿನಿಂದ ಮೀಟಿ ನೇರ ಮೇಲಕ್ಕೆ ಎತ್ತಿ, ಹೊರಕ್ಕೆ ಎಳೆಯಬೇಡಿ. ತಗಡು ಒಮ್ಮೆ ಬಾಗಿದರೆ ಮತ್ತೆ ನೆಟ್ಟಗಾಗದು. ಪಟ್ಟಿಯ ಕೆಳಗಿನ ಬಾಗಿಲಂಚಿನಲ್ಲಿ ತುಕ್ಕಿದ್ದರೆ ಉಜ್ಜಿ ಜಿಂಕ್ ಪ್ರೈಮರ್ ಹಚ್ಚಿ ಒಣಗಿಸಿ. ಹೊಸ ಪಟ್ಟಿಗೆ ಸೋಪಿನ ನೀರು ಸವರಿ ಅಂಗೈಯಿಂದ ಒತ್ತಿ ಕೂರಿಸಿ. ಕುರ್ಲಾದ ಸಿಎಸ್‌ಟಿ ರಸ್ತೆಗಾಗಲಿ ಪುಣೆಯ ನಾನಾ ಪೇಟೆಗಾಗಲಿ ಹೋಗುವಾಗ ಹಳೆ ಪಟ್ಟಿ ಕೈಯಲ್ಲಿರಲಿ. ಕಂಪನಿಯದಲ್ಲದ ಅಗ್ಗದ ಪಟ್ಟಿಯಲ್ಲಿ ತುಟಿಯ ಜೂಲನ್ನು ಬೆರಳಿಂದ ತಡವಿ ನೋಡಿ. ವಾಸ್ಕೋದ ಉಬ್ಬಿದ ಪಟ್ಟಿಗೆ ಬದಲಿಯಾಗಿ ತಂದದ್ದು ಜೂಲಿಲ್ಲದ ಬರೀ ರಬ್ಬರು. ಉದ್ದದಲ್ಲೂ ನಾಲ್ಕು ಮಿ.ಮೀ. ಕಡಿಮೆ, ಮೊದಲ ಬೇಸಗೆಗೇ ಬಿಳಚಿತು.

ಈಗ ಉಳಿದರ್ಧ ಅಂಕ. ಒಂದು ಕಾರಿಗೆ 9 ಮಿ.ಲೀ. ಹೋದರೆ ಬಾಟಲಿಯಲ್ಲಿ 21 ಉಳಿಯಬೇಕಷ್ಟೆ? ಉಳಿಯಿತು, ಕಲ್ಲಾಗಿ. ಮುಚ್ಚಳ ಬಿಗಿದು, ಜಿಪ್ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಕಪಾಟಿನಲ್ಲಿಟ್ಟಿದ್ದ, ಕಾರಿಗೊಂದರಂತೆ ತೆರೆದ ಎರಡೂ ಬಾಟಲಿಗಳ ಕತ್ತಿನಲ್ಲಿ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬಿಳಿ ಹರಳು, ತಳದಲ್ಲಿ ಜೆಲ್ಲಿ. ಒಮ್ಮೆ ತೆರೆದರೆ ಅದೇ ವಾರ ಮುಗಿಸಬೇಕು. 10 ಮಿ.ಲೀ. ಬಾಟಲಿ ಸಿಕ್ಕರೆ ಅದನ್ನೇ ಕೊಳ್ಳಿ, ಇಲ್ಲವೆಂದರೆ ಪಕ್ಕದ ಪಾರ್ಕಿಂಗಿನ ಇಬ್ಬರನ್ನು ಸೇರಿಸಿಕೊಂಡು ಒಂದೇ ಭಾನುವಾರ ಮೂರು ಕಾರು ಮಾಡಿ.